ಬಾಗಿಲು ತೆಗೆದರೆ ಲೈಟ್ ಹತ್ತಲ್ಲ, ಮುಚ್ಚಿದರೆ ಆರಲ್ಲ

ಪ್ರಶ್ನೆ: ನಾನು ಸೇಡಂನಲ್ಲಿ ಶಿಕ್ಷಕ. ಎರಡು ವರ್ಷದ ಹಿಂದೆ 2012ರ ಮಾಡೆಲ್ ಪೆಟ್ರೋಲ್ ಕಾರನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಈಗ ಅದರ ಒಳಗಿನ ಲೈಟ್‌ನದೇ ತಲೆನೋವು. ಡ್ರೈವರ್ ಬಾಗಿಲು ತೆಗೆದರೆ ಹತ್ತುವುದಿಲ್ಲ. ಹಿಂದಿನ ಬಾಗಿಲು ತೆಗೆದರೆ ಹತ್ತುತ್ತದೆ. ಮೇಲಿನ ಸ್ವಿಚ್ ಆನ್ ಮಾಡಿದರೂ ಹತ್ತುತ್ತದೆ. ಎರಡು ಸಲ ರಾತ್ರಿಯಿಡೀ ಉರಿದು, ಬೆಳಿಗ್ಗೆ ಬ್ಯಾಟರಿ ಇಳಿದಿತ್ತು. ತಳ್ಳಿ ಸ್ಟಾರ್ಟ್ ಮಾಡಿದೆವು. ಗೆಳೆಯರ ಮಾತು ಕೇಳಿ ಎಲ್‌ಇಡಿ ಹಾಕಿಸಿದೆ. ಈಗ ಎಲ್ಲಾ ಬಾಗಿಲು ಮುಚ್ಚಿದ್ದರೂ ಅದು ಮಿಣಿಮಿಣಿ ಎನ್ನುತ್ತಲೇ ಇರುತ್ತದೆ. ಒಬ್ಬ ಮೆಕ್ಯಾನಿಕ್ "ಪೂರಾ ವೈರಿಂಗ್ ಹೋಗ್ಯಾದ್ರಿ, ಆರು ಸಾವಿರ ಆಗ್ತದ" ಎಂದರು. ಬಾಗಿಲ ಚೌಕಟ್ಟಿನಲ್ಲಿ ಒಂದು ಕಪ್ಪು ರಬ್ಬರ್ ಬಟನ್ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ ಸರ್. ಬಹುಶಃ ನಿಮ್ಮ ಅರ್ಧ ಕಥೆ ಆ ಬಟನ್‌ದೇ. ಸದ್ಯಕ್ಕೆ ಆ ಆರು ಸಾವಿರ ಜೇಬಲ್ಲೇ ಇರಲಿ.

ನೀವು ಬರೆದ ನಾಲ್ಕು ಸಾಲಿನಲ್ಲೇ ಮುಕ್ಕಾಲು ಉತ್ತರ ಇದೆ. ಮೇಲಿನ ಸ್ವಿಚ್ ಆನ್ ಮಾಡಿದರೆ ಲೈಟ್ ಹತ್ತುತ್ತದೆ ಅಂದಿರಿ. ಹಾಗಾದರೆ ಬಲ್ಬ್ ಚೆನ್ನಾಗಿದೆ, ಫ್ಯೂಸ್ ಚೆನ್ನಾಗಿದೆ, ಬ್ಯಾಟರಿಯಿಂದ ಲೈಟ್‌ವರೆಗಿನ ವೈರ್ ಚೆನ್ನಾಗಿದೆ. ಹಿಂದಿನ ಬಾಗಿಲು ತೆಗೆದಾಗಲೂ ಹತ್ತುತ್ತದೆ ಅಂದಿರಿ. ಅಂದಮೇಲೆ ಲೈಟ್‌ನಿಂದ ಬಾಗಿಲುಗಳ ಕಡೆ ಇಳಿಯುವ ವೈರ್ ಕೂಡ ಚೆನ್ನಾಗಿದೆ. ಉಳಿದದ್ದು ಏನು? ಡ್ರೈವರ್ ಬಾಗಿಲಿನ ಸ್ವಿಚ್, ಅದಕ್ಕೆ ಹೋಗುವ ತುಂಡು ವೈರ್, ಅಷ್ಟೇ. ಸ್ಕ್ರೂಡ್ರೈವರ್ ಮುಟ್ಟದೆಯೇ ಇಷ್ಟು ಗೊತ್ತಾಯಿತು. ಇದರಲ್ಲಿ ಪೂರಾ ವೈರಿಂಗ್ ಎಲ್ಲಿಂದ ಬಂತೋ ನನಗಂತೂ ಅರ್ಥವಾಗಲಿಲ್ಲ.

ಇಲ್ಲಿ ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸಲೀಸು. ಮನೆಯಲ್ಲಿ ಸ್ವಿಚ್ ಒತ್ತಿದರೆ ಬಲ್ಬ್‌ಗೆ ಕರೆಂಟ್ ಹೋಗುತ್ತದೆ. ಕಾರಿನ ಒಳಗಿನ ಲೈಟ್ ಹಾಗಲ್ಲ. ಬಲ್ಬ್‌ನ ಒಂದು ತುದಿಗೆ 12 ವೋಲ್ಟ್ ಯಾವಾಗಲೂ ಬಂದು ನಿಂತಿರುತ್ತದೆ. ಕೀ ತೆಗೆದರೂ, ಲಾಕ್ ಮಾಡಿ ಹೋದರೂ ನಿಂತೇ ಇರುತ್ತದೆ. ಬಾಗಿಲಿನ ಸ್ವಿಚ್ ಕೊಡುವುದು ಕರೆಂಟ್ ಅಲ್ಲ, ಅರ್ಥ್. ಅಂದರೆ ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ. ಬಾಗಿಲು ಮುಚ್ಚಿದ್ದಾಗ ಆ ರಬ್ಬರ್ ಬಟನ್ ಒಳಗೆ ಒತ್ತಿಕೊಂಡು ಅರ್ಥ್ ಕಡಿದಿರುತ್ತದೆ. ತೆಗೆದಾಗ ಸ್ಪ್ರಿಂಗ್ ಅದನ್ನು ಹೊರಗೆ ತಳ್ಳುತ್ತದೆ, ಒಳಗಿನ ಹಿತ್ತಾಳೆ ತುಂಡು ಗಾಡಿಯ ಬಾಡಿಗೆ ತಾಗುತ್ತದೆ, ಲೈಟ್ ಹತ್ತುತ್ತದೆ. ಬಟನ್ ಒಳಗೇ ಸಿಕ್ಕಿಕೊಂಡರೆ ಹತ್ತುವುದಿಲ್ಲ. ಪೂರ್ತಿ ಒತ್ತದಿದ್ದರೆ ಆರುವುದಿಲ್ಲ. ನಿಮ್ಮ ಎರಡೂ ದೂರು ಒಂದೇ ತರಹದ ಸ್ವಿಚ್‌ನವು. ಆದರೆ ಒಂದೇ ಬಾಗಿಲಿನವು ಅಲ್ಲ ಅಂತ ನನ್ನ ಅಂದಾಜು.

ಮೊದಲು ಡ್ರೈವರ್ ಬಾಗಿಲು ನೋಡೋಣ. ಸೇಡಂ, ಮಳಖೇಡ, ವಾಡಿ ಕಡೆಯಿಂದ ಬರುವ ಗಾಡಿಗಳಲ್ಲಿ ನನಗೆ ಇದು ಹೊಸದಲ್ಲ. ಆ ಕಡೆ ಸಿಮೆಂಟ್ ಧೂಳು, ಶಹಾಬಾದ್ ಕಡೆ ಫರ್ಸಿ ಕಲ್ಲಿನ ಧೂಳು, ಹೊಲದ ದಾರಿಯಾದರೆ ಎರೆಮಣ್ಣು. ನಾವು ಅತಿ ಹೆಚ್ಚು ತೆಗೆದು ಮುಚ್ಚುವುದು ಡ್ರೈವರ್ ಬಾಗಿಲನ್ನೇ ಅಲ್ವಾ? ಧೂಳೂ ಅಲ್ಲೇ ಜಾಸ್ತಿ. ಆಮೇಲೆ ವಾಟರ್ ಸರ್ವಿಸಿಂಗ್‌ನಲ್ಲಿ ಬಾಗಿಲು ತೆಗೆದಿಟ್ಟು ಪ್ರೆಷರ್ ಪೈಪ್ ಬಿಡುತ್ತಾರೆ. ಧೂಳು ಒದ್ದೆಯಾಗಿ ಬಟನ್ ಸುತ್ತ ಗಿಲಾಯಿ ಮಾಡಿದ ಹಾಗೆ ಕೂತುಬಿಡುತ್ತದೆ. ಒಳಗಿನ ಹಿತ್ತಾಳೆ ಹಸಿರು ಕಟ್ಟುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ. ಆ ಸ್ಕ್ರೂವನ್ನು ಸುಮ್ನೆ ಸ್ವಿಚ್ ಹಿಡಿದಿಡೋಕೆ ಹಾಕಿದ್ದು ಅಂದುಕೊಳ್ಳಬೇಡಿ. ಬಾಡಿಯ ಅರ್ಥ್ ಸ್ವಿಚ್‌ಗೆ ಸಿಗುವುದೇ ಅದರ ಮೂಲಕ.

ಬಾಗಿಲು ತೆಗೆದು, ಮೇಲಿನ ಲೈಟ್‌ನ ಸ್ವಿಚ್ ನಡುವಿನ ಜಾಗದಲ್ಲಿ, ಅಂದರೆ ಬಾಗಿಲಿನ ಗುರುತು ಇರುವಲ್ಲಿ ಇಡಿ. ಬಟನ್ನನ್ನು ಬೆರಳಿಂದ ಏಳೆಂಟು ಸಲ ಒತ್ತಿ ಬಿಡಿ. ಟಕ್ ಅಂತ ಹೊರಗೆ ಚಿಮ್ಮಬೇಕು. ಸೋಮಾರಿ ಹಾಗೆ ನಿಧಾನವಾಗಿ ಬಂದರೆ ಧೂಳು ಹಿಡಿದಿದೆ. ಒತ್ತಿ ಬಿಡುವಾಗ ಲೈಟ್ ಒಮ್ಮೆಯಾದರೂ ಮಿನುಗಿದರೆ ಸ್ವಿಚ್ ಮೇಲೆ ಅನುಮಾನ ಗಟ್ಟಿ.

ಈಗ ಬಿಚ್ಚಬೇಕು. ಸಾಮಾನ್ಯವಾಗಿ ಒಂದೇ ಸ್ಟಾರ್ ಸ್ಕ್ರೂ. ಬಿಚ್ಚುವ ಮುಂಚೆ ಅಡುಗೆಮನೆಯಿಂದಲೋ ಬಟ್ಟೆ ಒಣಗಿಸುವ ಹಗ್ಗದಿಂದಲೋ ಒಂದು ಕ್ಲಿಪ್ ತಂದಿಟ್ಟುಕೊಳ್ಳಿ. ಸ್ವಿಚ್ ಎಳೆದ ಕೂಡಲೇ ಹಿಂದೆ ವೈರ್ ಕಾಣುತ್ತದೆ. ಅದಕ್ಕೆ ಆ ಕ್ಲಿಪ್ ಹಾಕಿ, ಆಮೇಲೆ ಸ್ವಿಚ್‌ನಿಂದ ಬಿಡಿಸಿ. ಇಲ್ಲದಿದ್ದರೆ ವೈರ್ ಸರ್ರಂತ ಬಾಗಿಲ ಚೌಕಟ್ಟಿನ ಕಂಬದ ಒಳಗೆ ಜಾರಿ ಹೋಗುತ್ತದೆ. ಆಮೇಲೆ ಅದನ್ನು ಹುಡುಕುವುದೇ ಒಂದು ದಿನದ ಕೆಲಸ. ನಾನು ಕೆಲಸ ಕಲಿಯುವಾಗ ಜೇವರ್ಗಿ ಕಡೆಯ ಒಂದು ಗಾಡಿಯಲ್ಲಿ ಹೀಗೆ ಬಿಟ್ಟು, ಸೀಟ್ ಬೆಲ್ಟ್, ಪ್ಲಾಸ್ಟಿಕ್ ಕವರ್ ಎಲ್ಲಾ ಬಿಚ್ಚಿ ಸಂಜೆವರೆಗೆ ಕೂತಿದ್ದೆ. ಗಾಡಿಯವರು ಬೇವಿನ ಮರದ ಕೆಳಗೆ ಮೂರು ಸಲ ಚಹಾ ಕುಡಿದರು. ನನಗೊಂದು ಕಪ್ಪೂ ಹೇಳಲಿಲ್ಲ, ಹೇಳುವ ಮುಖವೂ ನನಗಿರಲಿಲ್ಲ.

ವೈರ್ ಕೈಯಲ್ಲಿದೆಯಲ್ಲ, ಅದರ ತುದಿಯ ಲೋಹವನ್ನು ಬಣ್ಣ ಇಲ್ಲದ ಕಡೆ ಬಾಡಿಗೆ ತಾಗಿಸಿ. ಸ್ಕ್ರೂ ಹೋಗುವ ತೂತಿನ ಅಂಚು ಸಾಕು. ಒಂದೇ ವೈರ್ ಇರುವ ಇಂಥ ಸ್ವಿಚ್‌ನಲ್ಲಿ ಇದರಿಂದ ಏನೂ ಸುಡುವುದಿಲ್ಲ, ಯಾಕಂದರೆ ನಡುವೆ ಬಲ್ಬ್ ಇದೆ. ಎರಡು ವೈರ್ ಇದ್ದರೆ ಹೀಗೆ ಮಾಡಬೇಡಿ, ಟೆಸ್ಟ್ ಲ್ಯಾಂಪ್ ಇರುವವರ ಹತ್ತಿರ ಹೋಗಿ. ಹಳದಿ ಕವರ್ ಅಥವಾ ಹಳದಿ ಕನೆಕ್ಟರ್ ಇರುವ ಯಾವ ವೈರ್‌ಗೂ ಕೈ ಹಚ್ಚಬೇಡಿ, ಅದು ಏರ್‌ಬ್ಯಾಗ್‌ದು.

ತಾಗಿಸಿದಾಗ ಲೈಟ್ ಹತ್ತಿತಾ? ಹಾಗಾದರೆ ವೈರ್ ಸರಿ ಇದೆ, ಸ್ವಿಚ್ ಅಥವಾ ಸ್ಕ್ರೂ ಕೆಟ್ಟಿದೆ. ಹತ್ತಲಿಲ್ಲವಾ? ಸ್ವಿಚ್ಚಿಂದ ಮೇಲೆ ಹೋಗುವ ವೈರ್ ಎಲ್ಲೋ ಕಡಿದಿದೆ. ನಿಮ್ಮ ವಿಷಯದಲ್ಲಿ ಹತ್ತುತ್ತದೆ ಅಂತಲೇ ನನಗೆ ಅನಿಸುತ್ತದೆ.

ಸ್ವಿಚ್ ರಿಪೇರಿ ದೊಡ್ಡ ವಿದ್ಯೆ ಏನಲ್ಲ. ರಬ್ಬರ್ ಟೊಪ್ಪಿಗೆ ಬಿಚ್ಚಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಧೂಳು ತೆಗೆಯಿರಿ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಮೊಬೈಲ್ ರಿಪೇರಿ ಅಂಗಡಿಯವರ ಹತ್ತಿರ ಇರುತ್ತದೆ. ಹಿತ್ತಾಳೆ ಮುಖವನ್ನೂ ಸ್ಕ್ರೂ ಕೂರುವ ಜಾಗವನ್ನೂ 400 ನಂಬರ್ ಉಜ್ಜುಕಾಗದದಿಂದ ಹೊಳಪು ಬರುವಷ್ಟು ಉಜ್ಜಿ. ಸ್ಕ್ರೂ ತುಕ್ಕು ಹಿಡಿದಿದ್ದರೆ ಹೊಸದು ಹಾಕಿ. ಗ್ರೀಸ್ ಮಾತ್ರ ಬೇಡ. ನಮ್ಮ ಊರಿನ ಧೂಳಿಗೆ ಗ್ರೀಸ್ ಹಚ್ಚಿದರೆ ಬೆಲ್ಲಕ್ಕೆ ಇರುವೆ ಕರೆದ ಹಾಗೆ. ಸ್ಪ್ರಿಂಗ್ ಸತ್ತಿದ್ದರೆ ಹೊಸ ಸ್ವಿಚ್ಚೇ ಹಾಕಿಬಿಡಿ. ನಿಮಗೆ ಹೇಳಿದ ಹಣದ ಮುಂದೆ ಅದು ಚಹಾ-ಚುರುಮುರಿ ಖರ್ಚು.

ಈಗ ಎರಡನೇ ದೂರು, ರಾತ್ರಿ ಆರದೆ ಉಳಿಯುವುದು. ಇದು ಡ್ರೈವರ್ ಬಾಗಿಲಿನ ತಪ್ಪು ಆಗಿರುವುದು ಕಷ್ಟ. ಅದರ ಸ್ವಿಚ್ ಅರ್ಥ್ ಕೊಡುತ್ತಲೇ ಇಲ್ಲವಲ್ಲ! ಬೇರೆ ಮೂರು ಬಾಗಿಲು, ಇಲ್ಲಾ ಡಿಕ್ಕಿ. ಎರಡೇ ಸಲ ಆಗಿದೆ ಅಂದಮೇಲೆ ಮೊದಲು ಕೇಳಬೇಕಾದ ಪ್ರಶ್ನೆ: ಆ ಎರಡು ದಿನ ಹಿಂದೆ ಯಾರು ಕೂತಿದ್ದರು? ಕಾರಿನ ಬಾಗಿಲಿಗೆ ಎರಡು ಹಂತದ ಹಿಡಿತ ಇರುತ್ತದೆ. ಮಕ್ಕಳು ಮೆಲ್ಲಗೆ ತಳ್ಳಿದರೆ ಮೊದಲ ಹಂತಕ್ಕೇ ನಿಲ್ಲುತ್ತದೆ. ಹೊರಗಿಂದ ನೋಡಿದರೆ ಮುಚ್ಚಿದ ಹಾಗೇ ಕಾಣುತ್ತದೆ. ಆದರೆ ಬಟನ್ ಪೂರ್ತಿ ಒತ್ತಿರುವುದಿಲ್ಲ. ಹಗಲಲ್ಲಿ ಬಿಸಿಲಿಗೆ ಆ ಲೈಟ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಿಂದೆ ಯಾರೂ ಕೂತಿರಲಿಲ್ಲ ಅಂದರೆ ರಾತ್ರಿ ಹೀಗೆ ಮಾಡಿ. ಗಾಡಿ ಒಳಗೆ ಕೂತು ಎಲ್ಲಾ ಬಾಗಿಲು ಹಾಕಿ. ಒಂದು ನಿಮಿಷ ಬಿಡಿ. ಕೆಲವು ಗಾಡಿಗಳಲ್ಲಿ ಲೈಟ್ ಹತ್ತಿಪ್ಪತ್ತು ಸೆಕೆಂಡ್ ಉರಿದು ನಿಧಾನವಾಗಿ ಆರುತ್ತದೆ, ಅದು ದೋಷ ಅಲ್ಲ. ಆಮೇಲೆ ಒಂದೊಂದೇ ಬಾಗಿಲನ್ನು ಒಳಗಿಂದ ಭುಜ ಕೊಟ್ಟು ಹೊರಗೆ ಒತ್ತಿ. ಲೈಟ್ ಚಕ್ ಅಂತ ಮಿನುಗಿದ ಬಾಗಿಲೇ ಕಳ್ಳ. ಡಿಕ್ಕಿಗೆ ಮೊಬೈಲ್ ಬೇಕು. ವಿಡಿಯೋ ಆನ್ ಮಾಡಿ ಒಳಗಿಟ್ಟು ಮುಚ್ಚಿ, ಒಂದು ನಿಮಿಷ ಬಿಟ್ಟು ತೆಗೆದು ನೋಡಿ. ಫ್ರಿಜ್ ಮುಚ್ಚಿದ ಮೇಲೆ ಒಳಗಿನ ಬಲ್ಬ್ ಆರುತ್ತದೋ ಇಲ್ಲವೋ ಅಂತ ಚಿಕ್ಕಂದಿನಲ್ಲಿ ಬಂದ ಅನುಮಾನಕ್ಕೂ ಇದೇ ಔಷಧ.

ಕಳ್ಳ ಸಿಕ್ಕ ಮೇಲೆ ಆ ಬಾಗಿಲಿನ ರಬ್ಬರ್ ಟೊಪ್ಪಿಗೆ ನೋಡಿ. ವರ್ಷಗಟ್ಟಲೆ ಬಾಗಿಲು ಬಡಿದು ಬಡಿದು ಅದರ ತಲೆ ಸವೆದು ತೂತು ಬಿದ್ದಿರುತ್ತದೆ. ಆ ಒಂದೆರಡು ಮಿಲಿಮೀಟರ್ ಕಡಿಮೆಯಾದರೆ ಬಟನ್ ಪೂರ್ತಿ ಒತ್ತುವುದಿಲ್ಲ. ಬಾಗಿಲು ಹಿಂಜ್‌ನಲ್ಲಿ ಜೋತಿದ್ದರೂ, ಯಾವಾಗಲೋ ಗುದ್ದಿಸಿಕೊಂಡು ಡೆಂಟಿಂಗ್ ಮಾಡಿಸಿದ್ದರೂ ಇದೇ ಗತಿ. ಸೆಕೆಂಡ್ ಹ್ಯಾಂಡ್ ಗಾಡಿ ಅಂದಿರಿ, ಅದಕ್ಕೇ ಹೇಳಿದೆ. ಹೊಸ ಟೊಪ್ಪಿಗೆ ಸಿಗುವವರೆಗೆ ಸೈಕಲ್ ಟ್ಯೂಬ್‌ನ ಒಂದು ರೂಪಾಯಿ ನಾಣ್ಯದಷ್ಟು ತುಂಡನ್ನು ಬಾಗಿಲ ಮೇಲೆ, ಬಟನ್ ತಾಗುವ ಜಾಗದಲ್ಲಿ ಅಂಟಿಸಿ. ಸರಿಯಾದ ಜಾಗ ಹೇಗೆ ಗೊತ್ತಾಗಬೇಕು? ಬಟನ್ ತಲೆಗೆ ಸ್ವಲ್ಪ ಸೀಮೆಸುಣ್ಣ ಹಚ್ಚಿ ಬಾಗಿಲು ಹಾಕಿ ತೆಗೆಯಿರಿ, ಗುರುತು ಬಿದ್ದಿರುತ್ತದೆ. ಸೀಮೆಸುಣ್ಣ ನಿಮಗೆ ಹೇಳಬೇಕಾ ಸರ್! ಈ ತಾತ್ಕಾಲಿಕ ಟ್ಯೂಬ್ ತುಂಡನ್ನು ನಾಲ್ಕು ವರ್ಷ ಓಡಿಸಿದ ಗಾಡಿಗಳನ್ನೂ ನೋಡಿದ್ದೇನೆ.

ಇನ್ನು ಆ ಮಿಣಿಮಿಣಿ ಎಲ್‌ಇಡಿ. ನನಗೆ ನಿಮ್ಮ ಪತ್ರದಲ್ಲಿ ಅತಿ ಇಷ್ಟವಾದ ಸಾಲು ಇದು. ಹಳೆ 5 ವಾಟ್ ಬಲ್ಬ್ ಪೂರ್ತಿ ಉರಿಯಲು ಸುಮಾರು 0.4 ಆಂಪಿಯರ್ ಬೇಕು. ಕೆಲವೇ ಮಿಲಿ ಆಂಪಿಯರ್ ಹರಿದರೆ ಅದರ ತಂತಿ ಬಿಸಿಯೂ ಆಗುವುದಿಲ್ಲ, ನಿಮಗೆ ಏನೂ ಕಾಣುವುದಿಲ್ಲ. ಎಲ್‌ಇಡಿಗೆ ಆ ಕೆಲವು ಮಿಲಿ ಆಂಪಿಯರ್ರೇ ಸಾಕು. ಅಂದರೆ ಯಾವುದೋ ಬಾಗಿಲಿನ ಸ್ವಿಚ್‌ನಲ್ಲಿ ಒದ್ದೆ ಧೂಳಿನ ಮೂಲಕ ಅರ್ಥ್ ಜಿನುಗುತ್ತಿದೆ. ಹಳೆ ಬಲ್ಬ್ ಇದ್ದಾಗಲೂ ಜಿನುಗುತ್ತಿದ್ದಿರಬಹುದು, ಆಗ ತೋರಿಸುವವರು ಇರಲಿಲ್ಲ. ಈಗ ಎಲ್‌ಇಡಿ ನಿಮಗೆ ಬಿಟ್ಟಿ ಮೀಟರ್ ಆಗಿದೆ. ಒಂದೊಂದೇ ಬಾಗಿಲಿನ ಸ್ವಿಚ್ ಬಿಚ್ಚಿ, ವೈರ್ ಬಿಡಿಸಿ, ಅದು ಬಾಡಿಗೆ ತಾಗದ ಹಾಗೆ ಹಿಡಿದು ಎಲ್‌ಇಡಿ ನೋಡಿ. ಯಾವುದನ್ನು ಬಿಡಿಸಿದಾಗ ಮಿಣುಕು ನಿಲ್ಲುತ್ತದೋ ಅದನ್ನು ತೊಳೆದು ಒಣಗಿಸಿ ಹಾಕಿ. ನಾಲ್ಕನ್ನೂ ಬಿಡಿಸಿದರೂ ನಿಲ್ಲದಿದ್ದರೆ ಡಿಕ್ಕಿ ಸ್ವಿಚ್ ನೋಡಿ. ಅಲ್ಲೂ ಇಲ್ಲವೆಂದರೆ ಮೇಲಿನ ಲೈಟ್‌ನ ಒಳಗೇ ತೇವ ಅಥವಾ ಕೊಳೆ ಕೂತಿರಬಹುದು. ಹೊಸ ಗಾಡಿಗಳಲ್ಲಿ ಈ ಲೈಟನ್ನು ಕಂಪ್ಯೂಟರ್ ನಡೆಸುತ್ತದೆ. ಅಂಥವುಗಳಲ್ಲಿ ಅಗ್ಗದ ಎಲ್‌ಇಡಿ ದೋಷವಿಲ್ಲದೆಯೂ ಮಿಣುಕುವುದುಂಟು. ನಿಮ್ಮ ಬಟನ್ ಕಾಲದ ಗಾಡಿಗೆ ಆ ನೆಪ ಅಷ್ಟಾಗಿ ನಡೆಯುವುದಿಲ್ಲ.

ಈ ಮಿಣುಕಿನಿಂದ ಬ್ಯಾಟರಿ ಇಳಿಯುತ್ತಾ ಅಂದರೆ, ಇಲ್ಲ. 5 ಮಿಲಿ ಆಂಪಿಯರ್ ಅಂತ ಹಿಡಿದರೂ ಒಂದು ದಿನಕ್ಕೆ 0.12 ಆಂಪಿಯರ್-ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ್ದು). ಲೆಕ್ಕಕ್ಕೇ ಬರುವುದಿಲ್ಲ.

ಲೆಕ್ಕ ಬಂತಲ್ಲ, ಇನ್ನೊಂದು ಮಾಡೋಣ. ನಿಮಗೆ ಯಾರೂ ಇದನ್ನು ಹೇಳಿಲ್ಲ ಅಂತ ಕಾಣುತ್ತದೆ. 5 ವಾಟ್ ಬಲ್ಬ್ ರಾತ್ರಿ ಹತ್ತು ಗಂಟೆ ಉರಿದರೆ ಸುಮಾರು 4 ಆಂಪಿಯರ್-ಅವರ್ ತಿನ್ನುತ್ತದೆ. 10 ವಾಟ್ ಆದರೆ 8 ಚಿಲ್ಲರೆ. ಸಣ್ಣ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ 35 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. 35ರಲ್ಲಿ 4 ಹೋದರೆ ಗಟ್ಟಿ ಬ್ಯಾಟರಿ ಬೆಳಿಗ್ಗೆ ಒಂದೇ ಕೀಗೆ ಎದ್ದು ನಿಲ್ಲಬೇಕು. ನಿಮ್ಮದು ತಳ್ಳಿಸಿಕೊಂಡಿತು. ಅಂದರೆ ಲೈಟ್ ಬರೀ ನೆಪ, ಬ್ಯಾಟರಿಗೇ ವಯಸ್ಸಾಗಿದೆ. ಇಲ್ಲವೇ ಲೈಟ್ ಜೊತೆ ಇನ್ನೇನೋ ಕದ್ದು ಕುಡಿಯುತ್ತಿದೆ. ಕಲಬುರಗಿ ಬಿಸಿಲು ಬ್ಯಾಟರಿಗೆ ದೊಡ್ಡ ಶತ್ರು. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ಇದು, ಬಾನೆಟ್ ಒಳಗೆ ಇನ್ನೂ ಜಾಸ್ತಿ. ಬೇಸಿಗೆಯಲ್ಲಿ ಬೆಂದ ಬ್ಯಾಟರಿ ಮಳೆಗಾಲ, ಚಳಿಗಾಲ ಬಂದಾಗ ಬಣ್ಣ ತೋರಿಸುತ್ತದೆ.

ಒಂದು ಸಾದಾ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಕೀ ಹಾಕುವ ಮುಂಚೆ ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಬರಬೇಕು, ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಬೇಕಾಗುತ್ತದೆ. ಚಾರ್ಜ್ ತುಂಬಿದ್ದೂ ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಕಥೆ ಮುಗಿದಿದೆ.

ಕದ್ದು ಕುಡಿಯುವವರಲ್ಲಿ ನನ್ನ ಮೊದಲ ಅನುಮಾನ ಹಿಂದಿನ ಮಾಲೀಕರು ಹಾಕಿಸಿದ ಮ್ಯೂಸಿಕ್ ಸಿಸ್ಟಂ ಮೇಲೆ. ಅದನ್ನು ನೇರ ಬ್ಯಾಟರಿಗೆ ಕೊಟ್ಟು ಹೋಗಿರುತ್ತಾರೆ, ಕೀ ತೆಗೆದರೂ ಎಚ್ಚರ ಇರುತ್ತದೆ. ಎಲೆಕ್ಟ್ರೀಷಿಯನ್ ಹತ್ತಿರ ಹೋದರೆ, ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ಬ್ಯಾಟರಿ ಮೈನಸ್‌ನಲ್ಲಿ ಎಷ್ಟು ಕರೆಂಟ್ ಹೋಗುತ್ತಿದೆ ಅಂತ ಅಳೆಯಿರಿ ಅನ್ನಿ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆ ಬೇಡ. ಅಷ್ಟು ಹೋದರೂ 35ರ ಬ್ಯಾಟರಿ ಅರ್ಧ ಇಳಿಯಲು ಎರಡು ವಾರ ಬೇಕು. ಮೀಟರ್ ಹಾಗೇ ಜೋಡಿಸಿಟ್ಟು ಸ್ಟಾರ್ಟ್ ಮಾತ್ರ ಮಾಡಬಾರದು, ಮೀಟರ್ ಫ್ಯೂಸ್ ಹಾರುತ್ತದೆ.

ಫ್ಯೂಸ್ ಅಂದಾಗ ನೆನಪಾಯಿತು. ಬಲ್ಬ್ ಬದಲಿಸುವಾಗ ದಯವಿಟ್ಟು ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಮೇಲಿನ ಕವರ್ ತೆಗೆಯಲು ಪ್ಲಾಸ್ಟಿಕ್ ಕಾರ್ಡ್ ಸಾಕು. ಬಲ್ಬ್ ಕೂತಿರುವ ಎರಡು ಹಿತ್ತಾಳೆ ಕ್ಲಿಪ್‌ಗಳಲ್ಲಿ ಒಂದರಲ್ಲಿ 12 ವೋಲ್ಟ್ ಯಾವಾಗಲೂ ಇರುತ್ತದೆ ಅಂದೆನಲ್ಲ. ಸ್ಕ್ರೂಡ್ರೈವರ್ ಜಾರಿ ಮೇಲ್ಛಾವಣಿ ತಗಡಿಗೆ ತಾಗಿದರೆ ಪಟ್ ಅಂತ ಫ್ಯೂಸ್ ಹೋಗುತ್ತದೆ. ಬಹಳ ಗಾಡಿಗಳಲ್ಲಿ ಗಡಿಯಾರಕ್ಕೂ ಟೇಪ್‌ಗೂ ಕೆಲವೊಮ್ಮೆ ಸೆಂಟ್ರಲ್ ಲಾಕ್‌ಗೂ ಅದೇ ಫ್ಯೂಸ್. ಲೈಟ್ ರಿಪೇರಿಗೆ ಹೋದವರು ಹಾಡನ್ನೂ ಕಳೆದುಕೊಂಡು ಬರುತ್ತಾರೆ. ಹಾಗಾದರೆ ಫ್ಯೂಸ್ ಬಾಕ್ಸ್ ಮುಚ್ಚಳದ ಹಿಂದಿನ ಚಿತ್ರ ನೋಡಿ ಅಷ್ಟೇ ಆಂಪಿಯರ್‌ನ ಫ್ಯೂಸ್ ಹಾಕಿ. ಕೆಂಪು ಅಂದರೆ 10, ನೀಲಿ ಅಂದರೆ 15. ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದ ಸುತ್ತಿ ಹಾಕುವ ಜಾಣರು ಈಗಲೂ ಇದ್ದಾರೆ. ಫ್ಯೂಸ್ ಸುಡದಿದ್ದರೆ ವೈರ್ ಸುಡುತ್ತದೆ, ಅದರ ಮೇಲೆ ನೀವು ಕೂತಿರುತ್ತೀರಿ.

ಎಲ್‌ಇಡಿ ಇಟ್ಟುಕೊಳ್ಳಬೇಕಾ ಅಂತ ಕೇಳಿದರೆ, ಇಟ್ಟುಕೊಳ್ಳಿ. ಬಿಸಿ ಕಡಿಮೆ, ಮರೆತು ಬಿಟ್ಟರೂ ಬ್ಯಾಟರಿ ತಿನ್ನುವುದು ಕಡಿಮೆ. ಹಳೆಯದರಷ್ಟೇ ಉದ್ದ ಇರಲಿ. ಯಾವಾಗಲಾದರೂ ತೆಗೆದು ಹಾಕಿದ ಮೇಲೆ ಹತ್ತದಿದ್ದರೆ ಹೆದರಬೇಡಿ, ತಿರುಗಿಸಿ ಹಾಕಿ. ಎಲ್‌ಇಡಿಗೆ ಪ್ಲಸ್-ಮೈನಸ್ ಇರುತ್ತದೆ.

ಬಟನ್ ಇಲ್ಲದ ಗಾಡಿ ಇರುವವರೂ ಇದನ್ನು ಓದುತ್ತಿರಬಹುದು, ಅವರಿಗೆ ಎರಡು ಮಾತು. ನಿಮ್ಮ ಸ್ವಿಚ್ ಬಾಗಿಲ ಲಾಕ್‌ನ ಒಳಗೇ ಇದೆ. ಬಾಗಿಲು ತೆಗೆದಿಟ್ಟು, ಲಾಕ್‌ನ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಒಳಗೆ ತಳ್ಳಿದರೆ ಗಾಡಿ ಬಾಗಿಲು ಮುಚ್ಚಿದೆ ಅಂದುಕೊಂಡು ಲೈಟ್ ಆರಿಸಬೇಕು. ಆರಿಸದಿದ್ದರೆ ಲಾಕ್ ಒಳಗೆ ಕ್ಲೀನರ್ ಹೊಡೆದು ಇಪ್ಪತ್ತು ಸಲ ಹಾಕಿ ಬಿಡಿಸಿ. ಮುಗಿದ ಮೇಲೆ ಹ್ಯಾಂಡಲ್ ಎಳೆದು ಕೊಕ್ಕೆ ಬಿಡಿಸುವುದನ್ನು ಮರೆತು ಬಾಗಿಲು ಬಡಿದರೆ, ಬಾಗಿಲಿಗೂ ಲಾಕ್‌ಗೂ ಪೆಟ್ಟು. ಇನ್ನು ತೊಗರಿ ರಾಶಿ ಕಾಲದಲ್ಲಿ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವವರು, ಒಂದು ದಿನ ಇದ್ದಕ್ಕಿದ್ದಂತೆ ಲೈಟ್ ಹೋದರೆ ಮೊದಲು ಕಾರ್ಪೆಟ್ ಎತ್ತಿ ಇಲಿ ಹಿಕ್ಕೆ ಹುಡುಕಿ.

ಸರ್, ಇಷ್ಟೆಲ್ಲ ನಿಮಗೆ ಒಂದು ಭಾನುವಾರದ ಕೆಲಸ. ವೈರ್ ಬಾಡಿಗೆ ತಾಗಿಸಿದಾಗ ಲೈಟ್ ಹತ್ತದಿದ್ದರೆ ಮಾತ್ರ ಎಲೆಕ್ಟ್ರೀಷಿಯನ್ ಹತ್ತಿರ ಹೋಗಿ. ಹೋದಾಗ "ಲೈಟ್ ಕೆಟ್ಟದ, ನೋಡ್ರಿ" ಅನ್ನಬೇಡಿ. "ಡ್ರೈವರ್ ಡೋರ್ ಸ್ವಿಚ್‌ದು ವೈರ್ ಬಾಡಿಗೆ ಹಚ್ಚಿದ್ರೂ ಲೈಟ್ ಹತ್ತವಲ್ದು, ಹಿಂದಿನ ಬಾಗಲಕ್ಕ ಹತ್ತತದ, ಆ ಒಂದ್ ವೈರ್ ಅಷ್ಟೇ ನೋಡ್ರಿ" ಅನ್ನಿ. ಪೂರಾ ವೈರಿಂಗ್ ಮಾತು ಆಮೇಲೆ ಅವರೂ ಎತ್ತುವುದಿಲ್ಲ.